ಕೌದಿಗೊಂದು ತುತ್ತು

ದಸರಾಕ್ಕೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಕಪಾಟಿನ ಮೇಲಿಂದ ಒಂದು ಹಳೆಯ ಬಟ್ಟೆಚೀಲ ಕೆಳಗೆ ಬಿತ್ತು. ಕೊಡವಿ ಮಡಚಿಡೋಣವೆಂದು ಬಾಯಿ ತೆರೆದೆ. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ನಾಲ್ಕು ಎಳ್ಳು ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಆದರೆ ವಾಸನೆ ಇತ್ತು... ಹಂಚಿನ ಮೇಲೆ ತುಸು ಹೆಚ್ಚೇ ಬೆಂದ ಸಜ್ಜೆ ರೊಟ್ಟಿಯದು, ಅದರ ಮೈಗೆ ಅಂಟಿದ ಎಳ್ಳಿನದು. ಇಷ್ಟು ವರ್ಷ ಒಂದು ವಾಸನೆ ಖಾಲಿ ಚೀಲದಲ್ಲಿ ಹೇಗೆ ಉಳಿಯಿತು? ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಇಂಥ ಪ್ರಶ್ನೆ ತಲೆಗೆ ಬಂದರೆ ಮಾಡುತ್ತಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅಂದೂ ನಿಂತಿತು. ಪೊರಕೆ ಬದಿಗಿಟ್ಟು, ನೆಲದ ಮೇಲೆ ಕೂತು, ಚೀಲವನ್ನು ಮತ್ತೆ ಮತ್ತೆ ಮೂಸಿದೆ. ಪಕ್ಕದ ಮನೆಯ ಅತ್ತಿ ನೆನಪಾದಳು.

ಅತ್ತಿ ನನಗೆ ಬಳಗದವಳಲ್ಲ. ರಾಯಚೂರಿನಲ್ಲಿ ನಾವು ಮನೆ ಕಟ್ಟಿಸಿಕೊಂಡ ಓಣಿಯಲ್ಲಿ ಅವಳದು ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ. ಮಸರಕಲ್ಲಿನ ಕುರಿ ಕಾಯುವ ಮನೆತನದವಳು. ಮಗನಿಗೆ ಬಸ್ ಡಿಪೋದಲ್ಲಿ ಕೆಲಸ ಸಿಕ್ಕ ಮೇಲೆ ಅವನೊಡನೆ ಊರು ಬಿಟ್ಟು ಬಂದಿದ್ದಳು. ನಾವು ಹಿರೇಕೊಟ್ನೆಕಲ್ಲಿನ ಕೂಲಿ ಜನ. ನಮ್ಮಪ್ಪ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊತ್ತು ನನ್ನನ್ನು ಓದಿಸಿದವನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅವಳ ಮನೆಯ ಗೂಡಿನಲ್ಲಿ ಅರಿಶಿನ ಭಂಡಾರದ ಬಟ್ಟಲು. ಮೊದಲ ದಿನ ನಮ್ಮ ಮನೆಗೆ ಬಂದವಳು ಬುದ್ಧನನ್ನು ಬಹಳ ಹೊತ್ತು ನೋಡಿ, “ಈ ಯಪ್ಪ ಎಷ್ಟು ಸಮಾಧಾನದಿಂದ ಕುಂತಾನ ನೋಡಬೇ. ನಮ್ಮ ಓಣ್ಯಾಗ ನಳ ಬರೋ ದಿನದ ಜಗಳ ನೋಡಿಲ್ಲೇನು ಇನ್ನಾ?” ಅಂದಳು. ನಾನು ನಕ್ಕುಬಿಟ್ಟೆ. ಆ ನಗುವಿಗೇ ಇರಬೇಕು, ಮರುದಿನದಿಂದ ಅವಳು ನನಗೆ ಅತ್ತಿಯಾದಳು, ನಾನು ಅವಳಿಗೆ ಟೀಚರವ್ವನಾದೆ.

ಓಣಿಯ ಹಳೆಯ ಸೀರೆಗಳೆಲ್ಲ ಕೊನೆಗೆ ಅವಳ ಕೈ ಸೇರುತ್ತಿದ್ದವು. ಹರಿದ ಸೀರೆ, ಲುಂಗಿ, ಮಕ್ಕಳಿಗೆ ಗಿಡ್ಡವಾದ ಲಂಗ ಎಲ್ಲವನ್ನೂ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ದಪ್ಪ ಸೂಜಿ ಹಿಡಿದು ಕೌದಿ ಹೊಲಿಯುತ್ತಿದ್ದಳು. ನಮ್ಮವ್ವನೂ ಕೌದಿ ಹೊಲಿದವಳೇ. ಆದರೆ ಅತ್ತಿ ಮಾಡುತ್ತಿದ್ದ ಒಂದು ಕೆಲಸವನ್ನು ನಮ್ಮವ್ವ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸುತ್ತಲೂ ಹೊಲಿದು, ಕಡೆಯ ಮೂಲೆ ಗೇಣಷ್ಟು ತೆರೆದು ಉಳಿದಾಗ ಸೂಜಿ ಚುಚ್ಚಿಟ್ಟು ಎದ್ದು ಹೋಗುತ್ತಿದ್ದಳು. ಒಂದು ಚೂರು ರೊಟ್ಟಿ ತಂದು, ಪದರದೊಳಗೆ ಕೈ ಹಾಕಿ ಇಟ್ಟು, ಆಮೇಲೆ ಬಾಯಿ ಹೊಲಿಯುತ್ತಿದ್ದಳು. ಅದಕ್ಕೆ ಕೌದಿಗೆ ಉಣಿಸುವುದು ಅನ್ನುತ್ತಿದ್ದಳು.

“ಉಣಸದಿದ್ರ ಏನಾಗತದ ಅತ್ತಿ?” ಅಂತ ಮೊದಲ ಸಲ ಕೇಳಿದಾಗ ಅವಳು ನನ್ನನ್ನು ದಡ್ಡ ಹುಡುಗಿಯನ್ನು ನೋಡಿದ ಹಾಗೆ ನೋಡಿದಳು.

“ಹಸದ ಕೌದಿ ಹೊಚಗೊಂಡ್ರ ನಿದ್ದಿ ಹತ್ತತದೇನು? ಅದು ನಿನ್ನ ಮಾರಿನ ನೋಡಕೋತ ಇರತದ.”

“ಒಳಗಿನ ರೊಟ್ಟಿ ಕೊಳಿಯಂಗಿಲ್ಲೇನು?”

“ಖಡಕ್ ರೊಟ್ಟಿ ಎಲ್ಲಿ ಕೊಳೀತದ? ಇಷ್ಟೂ ಕಲಸಂಗಿಲ್ಲೇನು ನಿಮ್ಮ ಸಾಲ್ಯಾಗ?”

ನನಗೆ ನಂಬಿಕೆ ಇರಲಿಲ್ಲ, ಕುತೂಹಲ ಇತ್ತು. ಅವಳು ಹೊಲಿದುಕೊಟ್ಟ ಕೌದಿಯ ಮೂಲೆಗಳನ್ನು ಹಿಸುಕಿ, ತುತ್ತು ಎಲ್ಲಿದೆ ಅಂತ ಹುಡುಕುತ್ತಿದ್ದೆ. ಒಮ್ಮೆಯೂ ಸಿಗಲಿಲ್ಲ.

ಕೌದಿಗಳನ್ನು ನೋಡುತ್ತ ಊರೂರು ತಿರುಗುತ್ತಿದ್ದ ಕಲಾವಿದೆಯೊಬ್ಬಳು ಬೆಂಗಳೂರಿನಿಂದ ನಮ್ಮ ಓಣಿಗೆ ಬಂದದ್ದು ಆ ದಿನಗಳಲ್ಲೇ. ಕನ್ನಡದವಳೇ, ಆದರೆ ನಮ್ಮ ಮಾತು ಅವಳಿಗೆ ಅರ್ಧ ತಿಳಿದರೆ ಅರ್ಧ ತಿಳಿಯುತ್ತಿರಲಿಲ್ಲ. ಹಾಗಾಗಿ ನಾನು ನಡುವೆ ಕೂತೆ. ಅತ್ತಿ ಟ್ರಂಕು ತೆರೆದು ಒಂದೊಂದೇ ಕೌದಿ ಹಾಸಿದಳು. ಆ ಹುಡುಗಿ ಎಲ್ಲವನ್ನೂ ಮುಟ್ಟಿ, ಸವರಿ, ಚೆನ್ನಾಗಿದೆ ಅನ್ನುತ್ತಿದ್ದಳು. ಕಡೆಗೆ ಟ್ರಂಕಿನ ತಳದಲ್ಲಿ ಮಡಚಿಟ್ಟ ಒಂದು ಸಣ್ಣ ಕೌದಿ ಅವಳ ಕಣ್ಣಿಗೆ ಬಿತ್ತು. ತೊಟ್ಟಿಲಿಗೆ ಹಾಸುವಷ್ಟೇ ದೊಡ್ಡದು. ಒಂದು ಮೂಲೆ ಹೊಲಿಯದೆ ಹಾಗೇ ಇತ್ತು, ದಾರ ಜೋತಾಡುತ್ತಿತ್ತು.

“ಅದು ಮುಗದಿಲ್ಲ,” ಅಂದಳು ಅತ್ತಿ.

“ಅದಕ್ಕೇ ಬೇಕು ಅಮ್ಮ,” ಅಂದಳು ಕಲಾವಿದೆ.

ಅತ್ತಿ ಟ್ರಂಕಿನ ಮುಚ್ಚಳ ಅರ್ಧ ಇಳಿಸಿ, ಮತ್ತೆ ಎತ್ತಿದಳು. ಆಮೇಲೆ ಒಮ್ಮೆಗೇ, “ಒಯ್ಯಿ. ಮನ್ಯಾಗಿಂದ ಹೋಗ್ಲಿ,” ಅಂದಳು. ಒಂದು ದಬ್ಬಣವನ್ನು ಕೂಡ ಎರಡು ಸಲ ನೆನಪಿಸಿ ವಾಪಸು ಇಸಿದುಕೊಳ್ಳುವ ಹೆಂಗಸು ಇಷ್ಟು ಸುಲಭವಾಗಿ ಕೊಟ್ಟಳಲ್ಲ ಅಂತ ನನಗೆ ಆಶ್ಚರ್ಯ. ಯಾಕೆ ಅಂತ ಕೇಳಿದೆ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದಳು. ಒಲೆ ಆರಿತ್ತು.

ತಿಂಗಳುಗಳು ಕಳೆದವು. ಆ ಕೌದಿಯನ್ನು ಬೆಂಗಳೂರಿನ ಹೊಸ ಕಲೆಯ ವಸ್ತುಸಂಗ್ರಹಾಲಯವೊಂದರಲ್ಲಿ ಇಟ್ಟಿದ್ದಾರೆ, ಅಮ್ಮನನ್ನು ಕರೆದುಕೊಂಡು ಬನ್ನಿ ಅಂತ ಕಲಾವಿದೆ ನನಗೆ ಫೋನ್ ಮಾಡಿದಳು. ಅತ್ತಿ ಬರುವುದಿಲ್ಲ ಅಂದುಕೊಂಡಿದ್ದೆ. ನಾನು ಮಾತು ಮುಗಿಸುವ ಮೊದಲೇ, “ಯಾವಾಗ ಹೋಗೂಣು?” ಅಂದಳು. ರೈಲಿಗೆ ಅಂತ ಸಜ್ಜೆ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಎಲ್ಲ ನನ್ನ ಬಟ್ಟೆಚೀಲಕ್ಕೆ ತುಂಬಿದಳು. ಇಬ್ಬರಿಗೆ ಅಷ್ಟು ರೊಟ್ಟಿ ಯಾಕೆ ಅಂದರೆ, “ಇರ್ಲಿ ಬಿಡು,” ಅಂದಳು.

ಸಂಗ್ರಹಾಲಯ ದೊಡ್ಡ ಗಾಜಿನ ಕಟ್ಟಡ. ಅತ್ತಿ ಬಾಗಿಲ ಹೊರಗೇ ಚಪ್ಪಲಿ ಬಿಟ್ಟಳು. ಇಲ್ಲಿ ಬಿಡಬೇಕಾಗಿಲ್ಲ ಅಂದರೂ ಕೇಳಲಿಲ್ಲ. “ನೆಲ ಇಷ್ಟು ಸಾಫ್ ಅದ, ಹೆಂಗ ತುಳೀಲಿ?” ಚೀಲಗಳನ್ನು ಒಳಗೆ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಡಿ ಅಂದರು. ಕೊಡುವ ಮೊದಲು ಅತ್ತಿ ಚೀಲದೊಳಗೆ ಕೈ ಹಾಕಿ ಏನೋ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ಎಲೆ ಅಡಿಕೆ ಇರಬೇಕು ಅಂದುಕೊಂಡೆ.

ಒಳಗೆ ಹೋದ ಮೇಲೆ ನಾನೇ ಕಂಗಾಲಾದೆ. ಒಂದು ಕೋಣೆಯಲ್ಲಿ ಒಡೆದ ಇಟ್ಟಿಗೆಗಳ ಗುಡ್ಡೆ. ಇನ್ನೊಂದರಲ್ಲಿ ಗೋಡೆಯ ಮೇಲೆ ಒಬ್ಬ ಮನುಷ್ಯ ನಡೆಯುವ ವಿಡಿಯೋ. ಅವನು ನಡೆಯುತ್ತಲೇ ಇದ್ದ, ಎಲ್ಲಿಗೂ ಮುಟ್ಟಲಿಲ್ಲ. ಮತ್ತೊಂದು ಕಡೆ ಚಾವಣಿಯಿಂದ ಒಂದು ಹಗ್ಗದ ಮಂಚ ತೂಗುಬಿಟ್ಟಿದ್ದರು. ಇದನ್ನೆಲ್ಲ ಅತ್ತಿಗೆ ಹೇಗೆ ವಿವರಿಸಲಿ ಎಂದು ನಾನು ಹೆದರಿದ್ದೆ. ಅವಳು ನನ್ನ ವಿವರಣೆಗೆ ಕಾಯಲೇ ಇಲ್ಲ. ಇಟ್ಟಿಗೆಯ ಸುತ್ತ ಒಂದು ಸುತ್ತು ಬಂದು, “ಯಾರದೋ ಗ್ವಾಡಿ ಬಿದ್ದದ. ಪಾಪ, ತಂದು ಇಲ್ಲಿ ಇಟ್ಟಾರ,” ಅಂದಳು. ವಿಡಿಯೋ ಮುಂದೆ ಬಹಳ ಹೊತ್ತು ನಿಂತು, “ಇವನ ಕುರಿ ಎಲ್ಲಿ ಹೋದ್ವು?” ಅಂದಳು. ಕುರಿಗಳಿಲ್ಲದೆ ಮನುಷ್ಯ ಅಷ್ಟು ದೂರ ಯಾಕೆ ನಡೆಯಬೇಕು ಎಂಬುದು ಅವಳ ಪ್ರಶ್ನೆ. ಆಮೇಲೆ ನನಗೂ ಅವನು ಕಳೆದುಹೋದ ಮಂದೆ ಹುಡುಕುತ್ತಿದ್ದಾನೆ ಅನಿಸತೊಡಗಿತು. ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದ ಅತ್ತಿಯ ಜೊತೆ ತಿರುಗುವುದೇ ಒಂದು ಖುಷಿಯಾಗಿತ್ತು ನನಗೆ.

ಕೌದಿ ಇದ್ದದ್ದು ಕಡೆಯ ಕೋಣೆಯಲ್ಲಿ, ಒಂಟಿಯಾಗಿ. ಕೋಣೆಯ ನಡುವೆ ಒಂದು ಸರಳಿನಿಂದ ಇಳಿಬಿಟ್ಟಿದ್ದರು. ಮೇಲಿಂದ ಬೆಳಕು. ನೆಲದ ಮೇಲೆ ದಾಟಬಾರದು ಅಂತ ಒಂದು ಬಿಳಿ ಗೆರೆ. ಟ್ರಂಕಿನಲ್ಲಿ ನಾನು ನೋಡಿದ್ದ ಕೌದಿಯೇ ಅದು ಅಂತ ನಂಬಲು ಆಗಲಿಲ್ಲ, ಅಷ್ಟು ಚೆಂದ ಕಾಣುತ್ತಿತ್ತು. ನಾನು ಕೊಟ್ಟಿದ್ದ ನೀಲಿ ಸೀರೆಯ ತುಂಡೂ ಅದರಲ್ಲಿತ್ತು. ಪಕ್ಕದಲ್ಲಿ ಒಂದು ಕೆಂಪು. “ಅದು ನನ್ನ ಮಗಳ ಲಂಗ, ಸಣ್ಣಾಕಿದ್ದಾಗಿಂದು,” ಅಂದಳು ಅತ್ತಿ. ಬದಿಯ ಚೀಟಿಯಲ್ಲಿ ಅತ್ತಿಯ ಹೆಸರು, ಊರು ಎಲ್ಲ ಸರಿಯಾಗಿ ಬರೆದಿದ್ದರು. ಮೇಲೆ ದೊಡ್ಡದಾಗಿ ‘ಮುಗಿಯದ ಕೌದಿ’ ಅಂತ ಇತ್ತು. ಓದಿ ಹೇಳಿದೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನೂ ಕೂತೆ.

ಅವಳ ಮಗಳನ್ನು ದೇವದುರ್ಗಕ್ಕೆ ಕೊಟ್ಟಿದ್ದು, ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾದದ್ದು, ಹೆರಿಗೆಯಲ್ಲಿ ಕೂಸು ಉಳಿಯದೆ ಹೋದದ್ದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅತ್ತಿ ಅಂದು ಹೇಳಿದಳು. ಹೊಟ್ಟೆಯಲ್ಲಿರುವ ಕೂಸಿಗೆ ಒಂದು ಎಳೆ ನೂಲನ್ನೂ ಮೊದಲೇ ಎತ್ತಿಡಬಾರದು ಅನ್ನುವುದು ಅವರ ಮನೆಯ ರೂಢಿ. ತೊಟ್ಟಿಲು, ಕುಂಚಿಗೆ, ಕೌದಿ ಎಲ್ಲ ಆಮೇಲೆ. ಅತ್ತಿಗೆ ತಡೆಯಲಾಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು, ಮಗಳಿಗೂ ಹೇಳದೆ, ಮಧ್ಯಾಹ್ನಗಳಲ್ಲಿ ಹೊಲಿದಳು. ಕಡೆಯ ಮೂಲೆ ಉಳಿದಿತ್ತು, ರೊಟ್ಟಿ ತರಲು ಏಳಬೇಕು, ಅಷ್ಟರಲ್ಲಿ ದೇವದುರ್ಗದಿಂದ ಫೋನ್ ಬಂತು...

“ಉಣಸಲಿಲ್ಲ ಟೀಚರವ್ವ. ಹಂಗ ಮಡಚಿ ಟ್ರಂಕಿನ್ಯಾಗ ಹಾಕಿದೆ. ಆಮ್ಯಾಲ ಆಕಿಗಿ ಮತ್ತ ಹೊಟ್ಟಿಲೆ ಆಗಲಿಲ್ಲ. ಹಸದ ಕೌದಿ ಮನ್ಯಾಗ ಇಟಗೊಂಡ್ರ ಎಲ್ಲಿಂದ ಆಗತದ? ಅದಕ್ಕ ಈ ಹುಡುಗಿಗಿ ಕೊಟ್ಟುಬಿಟ್ಟೆ. ಕೊಟ್ಟ ಮ್ಯಾಲ ಇನ್ನೂ ನಿದ್ದಿ ಹೋತು. ಗೊತ್ತಿಲ್ಲದ ಊರಾಗ ಹಸಕೊಂಡು ನಿಂತಾದಲ್ಲ ಅನಸ್ತು.”

ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅತ್ತಿ ಅಂತ ಹೇಳಲು ಬಾಯಿ ತೆರೆದೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ ಮಾತು ಅದು. ಅವಳ ಮುಖ ನೋಡಿ ಸುಮ್ಮನಾದೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಎಲೆ ಅಡಿಕೆಯಲ್ಲ, ರೊಟ್ಟಿ. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿಯನ್ನೂ ತೆಗೆದಳು. ಎದ್ದು ಗೆರೆ ದಾಟಿದಳು.

“ಅಜ್ಜಿ, ಮುಟ್ಟಬಾರದು, ಹಿಂದೆ ಬನ್ನಿ,” ಎಂದು ಮೂಲೆಯಲ್ಲಿ ನಿಂತಿದ್ದ ಕಾವಲುಗಾರ ಓಡಿಬಂದ.

“ಮುಟ್ಟದ ಹೆಂಗ ಉಣಸ್ಲೋ ಯಪ್ಪಾ?” ಅಂದಳು ಅತ್ತಿ.

ಆ ಮಾತಿನ ಧಾಟಿ ಕೇಳಿ ಅವನ ಮುಖ ಬದಲಾಯಿತು. “ಯಾವೂರಬೇ ಯವ್ವಾ ನಿಂದು?”

“ಮಸರಕಲ್. ಈಗ ರಾಯಚೂರಾಗ ಇರತೀನಿ.”

“ನಮ್ಮದು ಕಲ್ಲೂರು, ಮಾನ್ವಿ ತಾಲೂಕು,” ಅಂದ. ಮತ್ತೆ ತಲೆ ಕೆರೆದುಕೊಂಡು, “ಮ್ಯಾಲ ಕ್ಯಾಮೆರಾ ಅದಬೇ. ನೀ ಮುಟ್ಟಿದ್ರ ನನ್ನ ನೌಕರಿಗಿ ಬರತದ. ತಡಿ, ಮೇಡಮ್ಮರನ್ನ ಕರಿತೀನಿ,” ಅಂದ. ಅತ್ತಿ ಗೆರೆಯ ಈಚೆ ಬಂದು ನಿಂತಳು. ಪರವೂರಿನಲ್ಲಿ ದುಡಿಯುವ ಹುಡುಗನಿಗೆ ತನ್ನಿಂದ ತೊಂದರೆಯಾಗುವುದು ಅವಳಿಗೆ ಬೇಡವಾಗಿತ್ತು.

ಕಲಾವಿದೆ ಬಂದಳು, ಅತ್ತಿಯ ಕೈ ಹಿಡಿದುಕೊಂಡಳು. ವಿಷಯ ನಾನು ಹೇಳಿದೆ. ರೊಟ್ಟಿ ಇಟ್ಟು ಮೂಲೆ ಹೊಲಿಯಬೇಕಂತೆ, ಅಷ್ಟೇ ಅಂದೆ. ಆ ಹುಡುಗಿ ಕಕ್ಕಾಬಿಕ್ಕಿಯಾದಳು. “ಆ ತೆರೆದ ಮೂಲೆಯೇ ಇಲ್ಲಿ ಮುಖ್ಯ ಅಮ್ಮ. ಜನ ಅದರ ಮುಂದೆಯೇ ತುಂಬಾ ಹೊತ್ತು ನಿಲ್ತಾರೆ. ಅದನ್ನ ಮುಚ್ಚಿದ್ರೆ ಎಲ್ಲಾ ಮುಗಿದುಹೋಗತ್ತೆ.”

“ಮುಗೀಲಿ ಅಂತನ ಬಂದೀನವ್ವಾ,” ಅಂದಳು ಅತ್ತಿ.

ಕೂಸಿನ ವಿಷಯ ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಅತ್ತಿ ಈ ಸಲ ತಾನೇ ಹೇಳಿದಳು, ಎರಡೇ ಮಾತಿನಲ್ಲಿ. ಕಲಾವಿದೆಯ ಕಣ್ಣು ತುಂಬಿತು. ಕೆಟ್ಟವಳಲ್ಲ ಅವಳು. ಹೊರಗೆ ಹೋಗಿ ಯಾರನ್ನೋ ಕೇಳಿ ಬಂದಳು, ಮತ್ತೆ ಹೋದಳು, ಮತ್ತೆ ಬಂದಳು. ಕೌದಿ ಈಗ ಅವಳದೂ ಅಲ್ಲವಂತೆ, ಸಂಗ್ರಹಾಲಯದ್ದಂತೆ. ಮೂಲೆ ಹೊಲಿಯುವಂತಿಲ್ಲ, ತಿನ್ನುವ ಪದಾರ್ಥವನ್ನಂತೂ ಒಳಗೆ ಇಡುವಂತೆಯೇ ಇಲ್ಲ. ಹುಳ ಬರುತ್ತವೆ.

“ಹುಳ ಬಂದ್ರ?” ಅಂದಳು ಅತ್ತಿ.

“ಕೌದಿಯನ್ನೇ ತಿಂದುಹಾಕತ್ತೆ ಅಮ್ಮ.”

“ಬರಲಿಲ್ಲಂದ್ರ?”

“ಬಹಳ ವರ್ಷ ಇರತ್ತೆ. ನಾವೆಲ್ಲ ಹೋದ ಮೇಲೂ ಇರತ್ತೆ.”

ಅದನ್ನು ಕೇಳಿ ಅತ್ತಿ ಕೌದಿಯ ಕಡೆ ತಿರುಗಿದಳು. ಕೂಸಿನ ಕೌದಿ ಅಂದರೆ ದಿನಕ್ಕೆ ನಾಲ್ಕು ಸಲ ಒದ್ದೆಯಾಗುವುದು, ಬಿಸಿಲಿಗೆ ಹಾಕಿದ್ದೇ ಹಾಕಿದ್ದು, ಕೂಸು ಸಾಲೆಗೆ ಹೋಗುವಷ್ಟರಲ್ಲಿ ಹರಿದು ಒರೆಸುವ ಬಟ್ಟೆಯಾಗುವುದು. ಅದಕ್ಕೆ ಇರುವ ಆಯಸ್ಸೇ ಅಷ್ಟು. “ಇದು ಒಂದ ಸಲನೂ ತೋಯಲಿಲ್ಲ ನೋಡು,” ಅಂದಳು ನನಗೆ. ಸೆರಗು ಬಾಯಿಗೆ ಹಿಡಿದು ಅತ್ತಳು. ನಾನೂ ಅತ್ತೆ. ಕಾವಲುಗಾರ ಹುಡುಗ ತನ್ನ ಬೂಟು ನೋಡುತ್ತ ನಿಂತಿದ್ದ.

ಆಮೇಲೆ ಅತ್ತಿ ಮೂಗು ಒರೆಸಿಕೊಂಡು, ಸೂಜಿಯನ್ನು ಮತ್ತೆ ಕುಪ್ಪಸಕ್ಕೆ ಚುಚ್ಚಿಕೊಂಡಳು. ಗೆರೆಯ ಈಚೆಗೇ ನಿಂತು, ಆ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ದೇವರಿಗೆ ಎಡೆ ತೋರಿಸುವ ಹಾಗೆ ಕೌದಿಯ ಕಡೆಗೆ ಎತ್ತಿ ಹಿಡಿದಳು. ಒಂದು ತುತ್ತು ನುಂಗುವಷ್ಟು ಹೊತ್ತು. “ತಗೋ,” ಅಂದದ್ದು ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

ಹೊರಗೆ ಹುಲ್ಲಿನ ಮೇಲೆ ಕೂತು ಆ ರೊಟ್ಟಿಯನ್ನು ಮುರಿದು ಎಲ್ಲರಿಗೂ ಕೊಟ್ಟಳು. ನನಗೆ, ಕಲಾವಿದೆಗೆ, ಚಹಾಕ್ಕೆ ಬಿಟ್ಟಾಗ ಬಂದ ಕಲ್ಲೂರಿನ ಹುಡುಗನಿಗೆ. ಎಡೆ ಮಾಡಿದ್ದನ್ನು ತಿನ್ನುವವರು ನಾವೇ ಅಲ್ಲವೇ. ಹುಡುಗ ಚಟ್ನಿ ಇದೆಯೇ ಅಂತ ಕೇಳಿ ನಾಚಿಕೊಂಡ. ಅತ್ತಿ ನನ್ನ ಚೀಲ ತರಿಸಿ, ಉಳಿದ ರೊಟ್ಟಿಯನ್ನೆಲ್ಲ ಅವನಿಗೆ ಕಟ್ಟಿಕೊಟ್ಟಳು. ನನಗೆ ತಡೆಯಲಾಗದೆ, “ಅದಕ್ಕ ಹೊಟ್ಟಿ ತುಂಬೇತೇನು ಅತ್ತಿ?” ಅಂದೆ. ಅವಳು ಬಹಳ ಹೊತ್ತು ಅಗಿಯುತ್ತಿದ್ದಳು. “ಯಾರಿಗಿ ಗೊತ್ತು? ಒಳಗ ಹೋಗಲಿಲ್ಲಲ್ಲ,” ಅಂದಳು.

ವಾಪಸು ಬರುವಾಗ ರೈಲಿನಲ್ಲಿ ಒಂದೇ ಮಾತು ಹೇಳಿದಳು. “ಮಗಳಿಗಿ ಹೇಳಬ್ಯಾಡ. ನಾ ಅವಸರ ಮಾಡಿದ್ದಕ್ಕ ಹಿಂಗಾತು ಅಂದಾಳು.” ನಾನು ಹೇಳಲಿಲ್ಲ. ಮಗಳಿಗೆ ಮುಂದೆ ಮಕ್ಕಳಾಗಲಿಲ್ಲ. ಅತ್ತಿ ಆ ಮೇಲೂ ಓಣಿಗೆಲ್ಲ ಕೌದಿ ಹೊಲಿದಳು, ಎಲ್ಲಕ್ಕೂ ಉಣಿಸಿದಳು. ಆದರೆ ಪ್ರತಿ ಸಲ ಕಡೆಯ ಮೂಲೆ ಹೊಲಿಯುವಾಗ ಸೂಜಿ ಒಂದು ಗಳಿಗೆ ನಿಲ್ಲುತ್ತಿತ್ತು. ಯಾಕೆಂದು ಓಣಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಒಂದು ಚಳಿಗಾಲ ಕೆಮ್ಮು ಹಿಡಿದು ಮಲಗಿದಳು, ಏಳಲಿಲ್ಲ. ಮಗನಿಗೆ ಬೇರೆ ಡಿಪೋಕ್ಕೆ ವರ್ಗವಾಯಿತು. ಈಗ ಆ ಮನೆಯಲ್ಲಿ ಬ್ಯಾಂಕಿನವರು ಯಾರೋ ಇದ್ದಾರೆ. ಒಳ್ಳೆಯ ಜನ. ಗೋಡೆಯ ಆಚೆಯಿಂದ ಟಿವಿಯ ಸದ್ದು ಬರುತ್ತದೆ...

ಚೀಲದ ವಾಸನೆ ಮೂಸುತ್ತ ಕೂತ ದಿನ ನನಗೆ ಅನಿಸಿತು, ಅತ್ತಿ ಬೇಡ ಅಂದಿದ್ದರೂ ಇದು ಮಗಳಿಗೆ ಗೊತ್ತಿರಬೇಕು. ತಾಯಿ ಹೊಲಿದದ್ದನ್ನು ಊರಿನ ಜನವೆಲ್ಲ ನೋಡಿ ಹೋಗುತ್ತಿದ್ದಾರೆ, ಅವಳಿಗೇ ತಿಳಿಯದೆ ಇದ್ದರೆ ಹೇಗೆ? ಅವಳು ದೇವದುರ್ಗದಲ್ಲಿ ಅಂಗನವಾಡಿ ನಡೆಸುತ್ತಾಳೆ. ಭಾನುವಾರ ರಜೆ. ಕರೆದೆ, ಬಸ್ಸಿಗೆ ಬಂದಳು. ಊಟವಾದ ಮೇಲೆ ಆ ದಿನದ್ದೆಲ್ಲವನ್ನೂ ಮೊದಲಿನಿಂದ ಹೇಳಿದೆ. ಅಳುತ್ತಾಳೆ, ಇಲ್ಲವೇ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡು, “ಅದರಾಗ ಕೆಂಪ ಲಂಗದ ತುಂಡು ಅದ, ಹೌದಲ್ರಿ ಟೀಚರ್?” ಅಂದಳು.

ಹೌದು ಅಂದೆ. ನಿನಗೆ ಹೇಗೆ ಗೊತ್ತು ಅಂದೆ.

“ನಾ ನೋಡೀನ್ರಿ. ನಾ ಹೊಟ್ಟಿಲೆ ಇದ್ದಾಗ ಕುಬಸದ ಕಾರ್ಯಕ್ಕಂತ ಅವ್ವ ನನ್ನ ಎರಡ ದಿನ ಇಲ್ಲಿಗಿ ಕರಕೊಂಡು ಬಂದಿದ್ಲಲ್ಲ, ಆವಾಗ ಸೀರಿ ಹುಡಕಾಕ ಟ್ರಂಕ್ ತೆಗದಿದ್ದೆ. ಎರಡು ಬಾಜು ಹೊಲದು ತಳದಾಗ ಮುಚ್ಚಿಟ್ಟಿದ್ಲು. ನಾ ನೋಡಿದ್ದು ಗೊತ್ತಾದ್ರ ಹೊಲಿಯೋದು ಬಿಡ್ತಾಳಂತ ಸುಮ್ಮನಿದ್ದೆ. ಕುಬಸದ ದಿನ ನನ್ನ ತಾಟಿನಾಗಿನ ಹೋಳಗಿದು ಒಂದು ಒಣಾ ಅಂಚು ಮುರದು, ಯಾರಿಗೂ ಕಾಣಲಾರದಂಗ ಒಯ್ದು, ಕೌದಿ ಪದರಿನಾಗ ಒಳಗ ಒಳಗ ತುರಕಿ ಇಟ್ಟಿದ್ದೆ. ನನ್ನ ಕೂಸಿನ ಕೌದಿಗಿ ಮೊದಲನೇ ತುತ್ತು ನನ್ನ ಕೈಲೆ ಆಗ್ಲಿ ಅಂತ.”

ಆ ಬೆಳಕಿನ ಕೋಣೆಯಲ್ಲಿ ರೊಟ್ಟಿ ಎತ್ತಿ ಹಿಡಿದು ನಿಂತ ಅತ್ತಿ ಕಣ್ಣ ಮುಂದೆ ಬಂದಳು. ಅವಳ ಮುಂದೆ ಇದ್ದದ್ದು ಉಂಡ ಕೌದಿ. ಹೆತ್ತ ಕೈಯೇ ಅದಕ್ಕೆ ಉಣಿಸಿತ್ತು. ಅಷ್ಟು ವರ್ಷ ಅವಳು ಹೊತ್ತುಕೊಂಡು ತಿರುಗಿದ ಸಂಕಟಕ್ಕೆ ಕಾರಣವೇ ಇರಲಿಲ್ಲ ಅಂತ ಈಗ ಗೊತ್ತಾಯಿತು. ಹೇಳೋಣವೆಂದರೆ ಅತ್ತಿ ಇಲ್ಲ. ಈ ಲೋಕದಲ್ಲಿ ಈ ಮಾತು ಕೇಳಬೇಕಾದವಳು ಅವಳೊಬ್ಬಳೇ ಇದ್ದಳು. ಮಗಳು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಸಮಾಧಾನ ಹೇಳಬೇಕಾದವಳು ನಾನು, ಅಳುತ್ತ ಕೂತವಳೂ ನಾನೇ.

ಅತ್ತು ಹಗುರಾದ ಮೇಲೆ ಹಳೆಯ ಚಟ ಎದ್ದಿತು. ಇಷ್ಟು ವರ್ಷಕ್ಕೆ ಆ ತುತ್ತು ಕಲ್ಲಾಗಿದೆಯೋ, ಪುಡಿಯಾಗಿದೆಯೋ, ಹುಳಕ್ಕೆ ಅಷ್ಟು ಹೆದರುವ ಆ ಜನರ ಕಣ್ಣಿಗೆ ಅದು ಬೀಳಲೇ ಇಲ್ಲವೇ?

“ಆ ಹೋಳಗಿ ಚೂರು ಇನ್ನೂ ಒಳಗ ಹಂಗ ಇರತದೇನವ್ವಾ?” ಅಂದೆ.

“ಯಾಕಿರತದ್ರಿ ಟೀಚರ್,” ಅಂದಳು ಅವಳು. “ಉಂಡಿರತದ.”